ಆರನೆಯ ಕಾಳು

ಸೆರ್ವಾ ಆ ಪ್ರಶ್ನೆಯನ್ನು ಪೂರ್ತಿ ಓದಲೇ ಇಲ್ಲ. ಮೊದಲ ಸಾಲಿನಲ್ಲಿ ಒವಾರೆ ಎಂಬ ಹೆಸರು ಕಂಡದ್ದೇ ತಡ, ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು, "ಇದು ನಂದು" ಎಂದುಬಿಟ್ಟಳು.

ಹಾಗೆ ಹೇಳುವ ಹಕ್ಕು ತನಗಿದೆ ಎಂದೇ ಅವಳು ತಿಳಿದಿದ್ದಳು. ನಮ್ಮ ಚೆನ್ನೆಮಣೆಯ ದಾಯಾದಿಯಂತಿರುವ ಆ ಒವಾರೆ ಮಣೆಯ ಪಕ್ಕದಲ್ಲೇ ಅವಳು ಅಂಬೆಗಾಲಿಟ್ಟದ್ದು. ಮಾಂಪಾಂಗ್ ರಸ್ತೆಯ ಹಳ್ಳಿಯಲ್ಲಿ ಅವಳ ಅಜ್ಜ ನಾನಾ ಅಂಪೋಫೋ ಮರದಡಿ ಕೂತರೆಂದರೆ ಸುತ್ತಲ ನಾಲ್ಕು ಊರಿನ ಆಟಗಾರರು ಸೋತು ಎದ್ದು ಹೋಗಬೇಕು. ಅಕ್ಷರ ಕಲಿಯುವ ಮೊದಲೇ ಆ ಮಣೆಯಲ್ಲಿ ಕಾಳು ಎಣಿಸಿದವಳು, ಈಗ ಕುಮಾಸಿಯ ಈ ದೊಡ್ಡ ಹಾಲ್‌ನಲ್ಲಿ, ಸುನ್ಯಾನಿಯ ತನ್ನ ಕಾಲೇಜಿನ ತಂಡಕ್ಕೆ ನಾಯಕಿಯಾಗಿ ಕೂತಿದ್ದಳು. ಜಂಬ ಬರುವುದು ಸಹಜ. ಬಂದ ಜಂಬ ಸುಮ್ಮನೆ ಹೋಗುವುದಿಲ್ಲ, ಅದು ಬೇರೆ ಮಾತು.

ಹಾಲ್‌ನಲ್ಲಿ ಇಪ್ಪತ್ತೆರಡು ಮೇಜು. ಮೇಜಿಗೆ ಮೂವರು, ಮೂವರಿಗೂ ಸೇರಿ ಒಂದೇ ಕಂಪ್ಯೂಟರ್. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ತನಕ ಐದು ಗಂಟೆ, ಹನ್ನೊಂದು ಗಣಿತದ ಒಗಟು. ಒಂದೊಂದಕ್ಕೂ ಪ್ರೋಗ್ರಾಂ ಬರೆದು ಕಳಿಸಬೇಕು. ಎಲ್ಲೋ ಇರುವ ತೀರ್ಪಿನ ಯಂತ್ರ ಅದನ್ನು ಓಡಿಸಿ ನೋಡಿ ಹಸಿರೋ ಕೆಂಪೋ ತೋರಿಸುತ್ತದೆ. ಹಸಿರಾದರೆ ಆ ಒಗಟಿನ ಬಣ್ಣದ ಬಲೂನು ತಂದು ಮೇಜಿಗೆ ಕಟ್ಟುತ್ತಾರೆ. ಒವಾರೆಯ ಬಣ್ಣ ಹಳದಿ. ಬಿಡಿಸಿದ ಒಂದೊಂದು ಒಗಟಿಗೂ ಬೆಳಿಗ್ಗೆ ಹತ್ತರಿಂದ ಅದು ಹಸಿರಾಗುವ ತನಕದ ನಿಮಿಷಗಳು ತಂಡದ ಹೆಸರಿಗೆ ಬೀಳುತ್ತವೆ; ಅದಕ್ಕೂ ಮುಂಚೆ ಬಂದ ಕೆಂಪು ಒಂದೊಂದಕ್ಕೆ ಇಪ್ಪತ್ತು ನಿಮಿಷ ದಂಡ. ಇಬ್ಬರು ಸಮನಾಗಿ ಬಿಡಿಸಿದರೆ ನಿಮಿಷ ಕಡಿಮೆ ಇದ್ದವರು ಗೆದ್ದಂತೆ. ಗೆದ್ದ ಒಂದೇ ತಂಡ ದೇಶದಾಚೆ ಲುವಾಂಡಾದಲ್ಲಿ ನಡೆಯುವ ಅಂತಿಮ ಸುತ್ತಿಗೆ.

ಒಗಟು ನೋಡುವುದಕ್ಕೆ ಬಲು ಸುಲಭ. ದುಂಡಗೆ ಜೋಡಿಸಿದ ಆರು ಮನೆ, ಅವುಗಳಲ್ಲಿ ಹೆಚ್ಚೆಂದರೆ ಇಪ್ಪತ್ತು ಕಾಳು. ಒಂದು ಮನೆಯ ಕಾಳನ್ನೆಲ್ಲ ಎತ್ತಿ ಮುಂದಿನ ಮನೆಗಳಿಗೆ ಒಂದೊಂದೇ ಹಾಕುತ್ತ ಹೋಗಬೇಕು. ಕೊನೆಯ ಕಾಳು ಯಾವ ಮನೆಗೆ ಬಿತ್ತೋ ಅಲ್ಲಿಂದ ಮತ್ತೆ ಎಲ್ಲವನ್ನೂ ಎತ್ತಿ ಹಾಗೇ ಮುಂದುವರಿಯಬೇಕು. ಹೀಗೆ ಮಾಡುತ್ತ ಹೋದರೆ ಒಂದಲ್ಲ ಒಂದು ಸಲ ಕಾಳುಗಳು ಮೊದಲಿದ್ದ ಹಾಗೆಯೇ ಬಂದು ನಿಲ್ಲುತ್ತವೆ ಎಂದು ಪ್ರಶ್ನೆಯೇ ಭರವಸೆ ಕೊಟ್ಟಿತ್ತು. ಎಷ್ಟು ಸಲ ಎತ್ತಿದ ಮೇಲೆ ಎಂದು ಹೇಳಿದರೆ ಸಾಕು.

"ಸೆರ್ವಾ, ಒಂದ್ನಿಮಿಷ ಕಣೇ," ಎಂದ ಸೆನ್ಯೋ. ಅವನು ಹಾಳೆಯ ಮೇಲೆ ಬೆರಳಿಟ್ಟು, ಚಿಕ್ಕ ಮಕ್ಕಳ ಹಾಗೆ ಸಾಲುಸಾಲಾಗಿ ಓದುತ್ತಿದ್ದ. "ಇಲ್ಲಿ, ಕಾಳು ಹಾಕ್ತಾ ಹಾಕ್ತಾ ಒಂದು ಸುತ್ತು ಬಂದಾಗ..."

"ಪಾದ್ರಿ ಮನೇಲಿ ಬೆಳೆದೋನು ನೀನು ನಂಗೆ ಒವಾರೆ ಹೇಳ್ಕೊಡ್ತೀಯಾ?" ಸೆರ್ವಾ ತಲೆ ಎತ್ತಲಿಲ್ಲ. "ನಮ್ಮೂರಿನ ಮೇಕೆಗೆ ಬೇಕಾದ್ರೆ ಕೇಳು, ಅದೂ ಆಡುತ್ತೆ."

ಮೂರನೆಯವನು ವುಂಪಿನಿ. ತಮಾಲೆಯ ಕಡೆಯವನು, ಮಾತು ಕಡಿಮೆ, ಜೇಬಿನಲ್ಲಿ ಸದಾ ಹುರಿದ ಕಡಲೆಕಾಯಿ. ಅವನೂ ಬಾಲ್ಯದಲ್ಲಿ ಈ ಆಟ ಆಡಿದವನೇ. ಅವನು ಪಕ್ಕನೆ ನಕ್ಕ. ಸೆನ್ಯೋನ ಅಪ್ಪ ಹೋ ಎಂಬ ಊರಿನ ಪಾದ್ರಿ. ಕೆಲಸವಿಲ್ಲದವರು ಮರದಡಿ ಆಡುವ ಆಟ ಎಂದು ಆ ಮಣೆಯನ್ನು ಮನೆಯ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಇಡೀ ಹಾಲ್‌ನಲ್ಲಿ ಒವಾರೆ ಆಡದ ಒಬ್ಬನೇ ಒಬ್ಬನಿದ್ದರೆ ಅವನು ಇವನೇ ಇರಬೇಕು.

"ಆಯ್ತು ತಾಯಿ, ನಿಂದೇ," ಎಂದು ಸೆನ್ಯೋನೂ ನಕ್ಕು ಬೇರೆ ಹಾಳೆ ಎತ್ತಿಕೊಂಡ. ಯಾರಾದರೂ ಗದರಿದರೆ ನಕ್ಕುಬಿಡುವುದು ಅವನ ಗುಣ. ಒಳ್ಳೆಯ ಗುಣವೆಂದು ಎಲ್ಲರೂ ಹೊಗಳುತ್ತಿದ್ದರು. ಅವತ್ತು ಅದು ಯಾರಿಗೂ ಒಳ್ಳೆಯದು ಮಾಡಲಿಲ್ಲ.

ಸೆನ್ಯೋಗೆ ಇದು ಮೂರನೆಯ ವರ್ಷ. ಹಿಂದಿನ ಎರಡು ಸಲವೂ ಅವನ ತಂಡ ಎರಡನೆಯ ಸ್ಥಾನಕ್ಕೆ ಬಂದು ನಿಂತಿತ್ತು. ಬರುವ ವರ್ಷ ವಯಸ್ಸಿನ ಮಿತಿ ದಾಟುತ್ತದೆ, ಕೂರುವಂತಿಲ್ಲ. ಮೊದಲ ವರ್ಷವೇ ಗೆದ್ದೇ ಗೆಲ್ಲುತ್ತೇವೆಂದು ಮಾಡಿಸಿದ ಅವನ ಪಾಸ್‌ಪೋರ್ಟ್ ಒಂದೇ ಒಂದು ಮುದ್ರೆಯಿಲ್ಲದೆ ಹಾಗೇ ಇತ್ತು. ಅದನ್ನು ಅವನು ಇವತ್ತೂ ತಂದು ಕೀಬೋರ್ಡಿನ ಕೆಳಗೆ ಇಟ್ಟಿದ್ದ. ಸೆರ್ವಾಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸಿದವನೂ ಅವನೇ. ಮೊಬೈಲ್ ರಿಪೇರಿ ಅಂಗಡಿಯ ಕೆಲಸ ಮುಗಿಸಿ ಬಂದು, ಕೈಗೆ ಬೆಸುಗೆಯ ಹೊಗೆ ವಾಸನೆ ಹತ್ತಿದ್ದರೂ ಕೂತು ಕಲಿಸುತ್ತಿದ್ದ. "ಈ ಸಲ ನಿನ್ನನ್ನ ಲುವಾಂಡಾಕ್ಕೆ ಕರ್ಕೊಂಡು ಹೋಗಿಲ್ಲ ಅಂದ್ರೆ ನನ್ನ ಹೆಸರು ಸೆರ್ವಾ ಅಲ್ಲ" ಎಂದು ಬಸ್ಸಿನಲ್ಲಿ ಅವಳು ಎಲ್ಲರೆದುರು ಹೇಳಿದ್ದಳು. ಅವಳಿಗಾದರೆ ಇನ್ನೂ ಎರಡು ವರ್ಷ ಉಳಿದಿತ್ತು.

ಹನ್ನೊಂದಕ್ಕೆ ಕೀಬೋರ್ಡ್ ಸೆರ್ವಾಳ ಕೈಗೆ ಬಂದ ಮೇಲೆ ಪ್ರೋಗ್ರಾಂ ಹತ್ತೇ ನಿಮಿಷದಲ್ಲಿ ಸಿದ್ಧವಾಯಿತು. ಪ್ರಶ್ನೆಯ ಜೊತೆ ಕೊಟ್ಟಿದ್ದ ಎರಡು ಮಾದರಿಗಳಿಗೆ ಸರಿಯಾದ ಉತ್ತರವೇ ಬಂತು. ಎರಡರಲ್ಲೂ ಇದ್ದದ್ದು ಐದೈದೇ ಕಾಳು ಎಂಬುದನ್ನು ಅವಳು ಗಮನಿಸಲಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಳಿಸಿ, ಕೈಕಟ್ಟಿ ಕೂತಳು. ಹಳದಿ ಬಲೂನು ತರುವವರು ಯಾವ ಬಾಗಿಲಿಂದ ಬರುತ್ತಾರೆಂದು ಕೂಡ ನೋಡಿದಳು.

ಕೆಂಪು. ಸಮಯ ಮೀರಿದೆ ಎಂದಿತು ಯಂತ್ರ. ಎರಡು ಸೆಕೆಂಡಿನಲ್ಲಿ ಮುಗಿಯಬೇಕಾದ ಪ್ರೋಗ್ರಾಂ ಮುಗಿಯಲೇ ಇಲ್ಲ.

"ನಿಧಾನ ಆಯ್ತು, ಅಷ್ಟೇ," ಎಂದಳು ಸೆರ್ವಾ. "ಉತ್ತರ ಸರಿಯಾಗಿದೆ. ವೇಗ ಹೆಚ್ಚಿಸಿದ್ರೆ ಆಯ್ತು."

ಅವಳು ಕಾಗದದ ಮೇಲೆ ಮತ್ತೆ ಬರೆಯಲು ಕೂತಳು. ಅಷ್ಟರಲ್ಲಿ ಸೆನ್ಯೋ ಒಂದು ಒಗಟು ಬಿಡಿಸಿದ, ನೇರಳೆ ಬಲೂನು ಬಂತು. ವುಂಪಿನಿ ಇನ್ನೊಂದು ಬಿಡಿಸಿದ, ಹಸಿರು ಬಲೂನು ಬಂತು. ಅವರು ಕೀಬೋರ್ಡ್ ಬಿಟ್ಟುಕೊಟ್ಟ ಒಂದೊಂದು ಗಳಿಗೆಯೂ ಸೆರ್ವಾ ಮುಗಿಬಿದ್ದು ಒವಾರೆಯನ್ನು ತಿದ್ದುತ್ತಿದ್ದಳು. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಎರಡನೆಯ ಸಲ ಕಳಿಸಿದಳು. ಮತ್ತೆ ಕೆಂಪು. ಮತ್ತದೇ ಸಮಯ ಮೀರಿದೆ.

ಮರುಭೂಮಿಯ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳು ಕಿಟಕಿಯ ಸಂದಿನಿಂದ ಒಳಗೆ ನುಗ್ಗಿ ಎಲ್ಲರ ತುಟಿಯನ್ನೂ ಒಡೆದಿತ್ತು. ಸೆರ್ವಾ ನೀರಿನ ಪ್ಯಾಕೆಟ್ಟಿನ ಮೂಲೆ ಕಚ್ಚಿ ಹರಿದು ಒಂದೇ ಗುಟುಕಿಗೆ ಕುಡಿದಳು. ಹಾಲ್ ತುಂಬ ಕಣ್ಣಾಡಿಸಿದರೆ ಬಗೆಬಗೆಯ ಬಣ್ಣವಿತ್ತು, ಹಳದಿ ಮಾತ್ರ ಒಂದೂ ಇರಲಿಲ್ಲ. ನಾಲ್ಕು ಮೇಜಿನಾಚೆ ಅಕ್ರಾದ ತಂಡ. ಅದರ ನಾಯಕಿ, ನಾ ಡೆಡೇಯಿ ಎಂಬವಳು, ಪೆನ್ನಿನ ಮುಚ್ಚಳ ಜಗಿಯುತ್ತ, ಮೇಜಿನ ಮೇಲೆ ಬೆರಳಿನಿಂದ ದುಂಡಗೆ ಏನನ್ನೋ ಎಣಿಸುತ್ತಿದ್ದಳು. ಅವಳೂ ಒವಾರೆಯಲ್ಲೇ ಸಿಕ್ಕಿಬಿದ್ದಿದ್ದಾಳೆ ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ನೋಡು, ಅವರಿಗೂ ಆಗ್ತಿಲ್ಲ," ಎಂದಳು ಸೆರ್ವಾ, ಅದರಲ್ಲೇ ಸಮಾಧಾನ ಕಂಡವಳ ಹಾಗೆ.

"ಅದಕ್ಕೇ ಹೇಳ್ತಿರೋದು, ಬಿಟ್ಬಿಡು ಚಾಲೆ," ಎಂದ ಸೆನ್ಯೋ. ಗೆಳೆಯರನ್ನೆಲ್ಲ ಅವನು ಚಾಲೆ ಎಂದೇ ಕರೆಯುವುದು. "ಸುರಂಗದ ಒಗಟು ನಂಗೆ ಅರ್ಧ ಸಿಕ್ಕಿದೆ. ಇಬ್ರೂ ಸೇರಿ ನೋಡಣ."

"ಒಂದೇ ಒಂದ್ಸಲ. ಈ ಸಲ ಆಗ್ಲಿಲ್ಲ ಅಂದ್ರೆ ಬಿಡ್ತೀನಿ."

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮೂರನೆಯ ಸಲ ಕಳಿಸಿದಳು. ತನಗೆ ಗೊತ್ತಿದ್ದ ಚಮತ್ಕಾರವನ್ನೆಲ್ಲ ಅದರಲ್ಲಿ ಸುರಿದಿದ್ದಳು. ಮೂರನೆಯ ಕೆಂಪೂ ಬಂತು. ಮೂರು ಇಪ್ಪತ್ತಲೆ ಅರವತ್ತು. ಒವಾರೆ ಬಿಡಿಸಿದರೆ ಅರವತ್ತು ನಿಮಿಷದ ದಂಡವೂ ಜೊತೆಗೇ ಬರುತ್ತದೆ. ಬಿಡಿಸದಿದ್ದರೆ ದಂಡವಿಲ್ಲ, ಆದರೆ ಒಗಟೂ ಇಲ್ಲ. ಸೆನ್ಯೋ ಸುರಂಗದ ಹಾಳೆ ಎತ್ತಿಕೊಂಡ. ಕೀಬೋರ್ಡನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ, ಅಷ್ಟೇ. ಅವನು ಒಂದು ಮಾತು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಎರಡು ಗಂಟೆಗೆ ಗೋಡೆಯ ಮೇಲಿನ ಅಂಕಪಟ್ಟಿ ನಿಂತುಹೋಯಿತು. ಕೊನೆಯ ಒಂದು ಗಂಟೆ ಯಾರು ಏನು ಬಿಡಿಸಿದರೆಂದು ಯಾರಿಗೂ ಕಾಣಬಾರದು, ಬಲೂನೂ ಹಂಚುವುದಿಲ್ಲ. ಆಗ ಅಕ್ರಾ ಆರು, ಇವರು ಐದು.

ಎರಡೂ ಹತ್ತೊಂಬತ್ತಕ್ಕೆ ಸೆನ್ಯೋನ ಸುರಂಗದ ಒಗಟು ಮೊದಲ ಏಟಿಗೇ ಹಸಿರಾಯಿತು. ಆರು! ಕೂಗುವಂತಿಲ್ಲ. ಮೂವರೂ ಮೇಜಿನ ಕೆಳಗೆ ಕೈ ಕೈ ಅಮುಕಿದರು. ಇನ್ನು ನಲವತ್ತೊಂದು ನಿಮಿಷ. ಒವಾರೆ ಬಿಟ್ಟರೆ ಉಳಿದದ್ದು ನಾಲ್ಕು: ಅಕ್ರಾ ಮಾತ್ರ ಬಿಡಿಸಿದ್ದ ಒಂದು ಇಷ್ಟು ಹೊತ್ತಿನಲ್ಲಿ ಮುಗಿಯುವಂಥದ್ದಲ್ಲ, ಮಿಕ್ಕ ಮೂರನ್ನು ಹಾಲ್‌ನಲ್ಲಿ ಯಾರೂ ಮುಟ್ಟಿರಲಿಲ್ಲ, ಮುಟ್ಟುವ ಹಾಗೂ ಇರಲಿಲ್ಲ. ಗತಿಯೆಂದರೆ ಒವಾರೆಯೇ.

ವುಂಪಿನಿ ಅಷ್ಟು ಹೊತ್ತೂ ಕಾಗದದ ಮೇಲೆ ಏನೋ ಗುಣಿಸುತ್ತ ಕೂತಿದ್ದ. ಈಗ ಪೆನ್ನು ಕೆಳಗಿಟ್ಟು, ಕೀಬೋರ್ಡ್ ಎಳೆದುಕೊಂಡು ಸೆರ್ವಾಳ ಪ್ರೋಗ್ರಾಂ ಓಡಿಸಿ ನೋಡಿದ.

"ಇದು ನಿಧಾನದ ವಿಷ್ಯ ಅಲ್ಲ," ಎಂದ. "ಇಪ್ಪತ್ತು ಕಾಳನ್ನ ಆರು ಮನೇಲಿ ಎಷ್ಟು ಥರ ಇಡ್ಬೋದು? ಐವತ್ತಮೂರು ಸಾವಿರದ ನೂರ ಮೂವತ್ತು. ಮುಂದೆ ಯಾವ ಮನೆಯಿಂದ ಎತ್ತೋದು ಅನ್ನೋದಕ್ಕೆ ಆರು ಪಟ್ಟು ಮಾಡು. ಮೂರು ಲಕ್ಷ ಹದಿನೆಂಟು ಸಾವಿರ ಚಿಲ್ರೆ. ಅದಕ್ಕಿಂತ ಹೆಚ್ಚಿಲ್ಲ. ನಿನ್ನ ಪ್ರೋಗ್ರಾಂನ ನಾನು ಈಗ ಓಡಿಸ್ದೆ. ಹತ್ತು ಕೋಟಿ ಸಲ ಎತ್ತಿದೆ."

"ಅಂದ್ರೆ?"

"ಅಂದ್ರೆ ಎಲ್ಲೋ ಒಂದ್ಕಡೆ ಸಿಕ್ಕಾಕೊಂಡು ಅಲ್ಲೇ ಸುತ್ತು ಹೊಡೀತಿದೆ. ಮೊದಲಿದ್ದ ಜಾಗಕ್ಕೆ ಮಾತ್ರ ವಾಪಸ್ ಬರ್ತಿಲ್ಲ. ಯಾವತ್ತೂ ಬರೋದೂ ಇಲ್ಲ."

ಸೆರ್ವಾ ಪರದೆಯ ಕಡೆ ತಿರುಗಿದಳು. ಮರುಗಳಿಗೆಯಲ್ಲೇ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಪ್ರಶ್ನೇನೇ ತಪ್ಪು! ವಾಪಸ್ ಬಂದೇ ಬರುತ್ತೆ ಅಂತ ಬರ್ದಿದಾರಲ್ಲ, ಸುಳ್ಳು ಅದು. ಯಾವ ದೇಶದೋರೋ ಏನೋ, ಒವಾರೆ ಮಣೆ ಕಣ್ಣಲ್ಲಿ ಕಂಡಿದಾರೋ ಇಲ್ವೋ, ಪ್ರಶ್ನೆ ಕಟ್ತಾರೆ! ಅದಕ್ಕೇ ಹಾಲಲ್ಲಿ ಒಂದೂ ಹಳದಿ ಇಲ್ಲ."

ಅನುಮಾನವಿದ್ದರೆ ತೀರ್ಪುಗಾರರಿಗೆ ಬರೆದು ಕೇಳಬಹುದು. ಸೆರ್ವಾ ಟಪಟಪ ಟೈಪು ಮಾಡಿದಳು: ಈ ಮಣೆ ಮೊದಲಿನ ಸ್ಥಿತಿಗೆ ಬರುವುದಿಲ್ಲ, ನಿಮ್ಮ ಪ್ರಶ್ನೆಯಲ್ಲಿ ದೋಷವಿದೆ, ಕೂಡಲೇ ಸರಿಪಡಿಸಿ. ಉತ್ತರಕ್ಕಾಗಿ ಕಾಯುತ್ತ ಕಾಲು ಕುಣಿಸಿದಳು. ಮೇಜು ಅಲುಗಿ ಬಲೂನುಗಳೂ ಅಲುಗಿದವು. ಆರು ನಿಮಿಷ ಕಳೆದ ಮೇಲೆ ಪರದೆಯ ಮೂಲೆಯಲ್ಲಿ ಉತ್ತರ ಬಂತು.

ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಅಷ್ಟೇ.

"ಓದಿ ಅಂತೆ! ನಂಗೆ!" ಎಂದಳು ಸೆರ್ವಾ, ಗಟ್ಟಿಯಾಗಿ. ಪಕ್ಕದ ಮೇಜಿನವರು ತಿರುಗಿ ನೋಡಿದರು. "ತಾಳು, ಕೈಯಲ್ಲೇ ಆಡಿ ತೋರಿಸ್ತೀನಿ. ವುಂಪಿನಿ, ಕಡಲೆಕಾಯಿ ಕೊಡು."

ವುಂಪಿನಿ ಜೇಬಿನಿಂದ ಹಿಡಿ ಕಾಳು ತೆಗೆದು ಕೊಟ್ಟ. ಅವಳು ಹಾಳೆಯ ಹಿಂಬದಿಯಲ್ಲಿ ಆರು ಸೊನ್ನೆ ಬರೆದು, ಇಪ್ಪತ್ತು ಕಾಳು ಎಣಿಸಿ ಹಂಚಿದಳು. ಗಡಿಯಾರ ಎರಡೂ ಮೂವತ್ತೊಂಬತ್ತು ತೋರಿಸುತ್ತಿತ್ತು. ಕೈ ಓಡತೊಡಗಿತು. ಆ ಕೈ ಓಡುವುದನ್ನು ನೋಡುವುದೇ ಒಂದು ಚೆಂದ. ನಾನಾ ಅಂಪೋಫೋರ ಕೈಯೇ ಅದು, ಎತ್ತುವುದು, ಸುರಿಸುವುದು, ಮತ್ತೆ ಎತ್ತುವುದು, ಕಾಳಿನ ಮೇಲೆ ಕಣ್ಣೇ ಬೇಕಿಲ್ಲ. ಒಂದು ಮನೆಯಲ್ಲಿ ಆರು ಕಾಳು ಸೇರಿದವು. ಅವನ್ನು ಎತ್ತಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು.

"ಅದನ್ನ ಯಾಕೆ ಬಿಟ್ಟೆ?" ಎಂದ ಸೆನ್ಯೋ.

"ಯಾವುದನ್ನ?"

"ಈಗ ಎತ್ತಿದ್ಯಲ್ಲ, ಆ ಮನೇನ. ಐದಾದ ಮೇಲೆ ಅದೇ ಬಂತು. ನೀನು ಅದನ್ನ ದಾಟಿ ಆರನೇ ಕಾಳನ್ನ ಅದರ ಮುಂದಿನ ಮನೆಗೆ ಹಾಕ್ದೆ."

"ಎತ್ತಿದ ಮನೆಗೆ ಯಾರಾದ್ರೂ ವಾಪಸ್ ಕಾಳು ಹಾಕ್ತಾರೇನೋ? ಅದನ್ನ ದಾಟ್ಲೇಬೇಕು. ಅದು..." ಎನ್ನುತ್ತಿದ್ದವಳು ಅಲ್ಲಿಗೇ ನಿಂತಳು.

ಸೆನ್ಯೋ ಹಾಳೆಯನ್ನು ತಿರುಗಿಸಲಿಲ್ಲ, ತಿರುಗಿಸಿದರೆ ಕಾಳು ಚೆಲ್ಲುತ್ತಿತ್ತು. ನೆನಪಿನಿಂದಲೇ ಹೇಳಿದ. "ನಾಲ್ಕನೇ ಸಾಲು. 'ಎತ್ತಿದ ಮನೆಯೂ ಸೇರಿದಂತೆ, ದಾರಿಯಲ್ಲಿ ಬರುವ ಪ್ರತಿ ಮನೆಗೂ ಒಂದು ಕಾಳು ಹಾಕಬೇಕು.' ಅವಾಗ್ಲೇ ಕೇಳಕ್ಕೆ ಬಂದೆ. ನೀನು ಮೇಕೆ ಕಥೆ ಹೇಳಿದೆ."

ಅವಳಿಗೆ ನಾಲ್ಕು ವರ್ಷವಿದ್ದಾಗ ಎತ್ತಿದ ಮನೆಗೇ ಕಾಳು ಹಾಕಹೋಗಿದ್ದಳು. ನಾನಾ ಬೆರಳ ಗಂಟಿನ ಮೇಲೆ ಟಣ್ ಎಂದು ಹೊಡೆದಿದ್ದರು. ಅಂದಿನಿಂದ ಇಂದಿನವರೆಗೆ ಅವಳ ಕೈ ಆ ಮನೆಯನ್ನು ತಾನಾಗಿಯೇ ಹಾರಿಕೊಂಡು ಹೋಗುತ್ತಿತ್ತು. ಪ್ರೋಗ್ರಾಂ ಬರೆಯುವಾಗಲೂ ಅದೇ ಕೈ ಬರೆದದ್ದು. ಐದೇ ಕಾಳಿದ್ದರೆ ಸುತ್ತು ಪೂರ್ತಿಯಾಗುವುದೇ ಇಲ್ಲ, ಅದಕ್ಕೇ ಮಾದರಿಗಳು ಸರಿಬಂದಿದ್ದವು. ಸೋಲು ಆರನೆಯ ಕಾಳಿನಲ್ಲಿತ್ತು. ಮತ್ತು ಈ ಹಾಲ್‌ನಲ್ಲಿ ಕೂತ ಉಳಿದ ಇಪ್ಪತ್ತೊಂದು ತಂಡದವರೂ ಯಾವುದೋ ಅಜ್ಜನೋ ಅಜ್ಜಿಯೋ ಕಲಿಸಿದ ಮೊಮ್ಮಕ್ಕಳೇ.

ವುಂಪಿನಿ ಎರಡೂ ಬಗೆಯನ್ನು ಕಾಗದದ ಮೇಲೆ ಗೀಚಿ ನೋಡಿದ. "ದಾಟಿದ್ರೆ ಎರಡು ಬೇರೆ ಬೇರೆ ಮಣೆಗಳು ಒಂದೇ ಮಣೆ ಆಗ್ಬಿಡ್ತವೆ. ಬಂದ ದಾರಿ ಯಾವುದು ಅಂತಾನೇ ಗೊತ್ತಾಗಲ್ಲ. ದಾಟದೆ ಹಾಕಿದ್ರೆ ಮಾತ್ರ ಹಿಂದಕ್ಕೆ ಹೋಗೋ ದಾರಿ ಒಂದೇ. ಹಾಗಾಗಿ ಸುತ್ತಿ ಬಂದೇ ಬರುತ್ತೆ." ಅವನು ಸೆರ್ವಾಳ ಮುಖ ನೋಡಲಿಲ್ಲ. "ನಾನೂ ನಕ್ಕೆ ಕಣೋ ಸೆನ್ಯೋ, ಅವಾಗ."

"ನಗಾಡಿದ್ದು ಆಮೇಲೆ ನೋಡ್ಕೊಳಣ," ಎಂದ ಸೆನ್ಯೋ. "ಹದಿನಾರು ನಿಮಿಷ ಇದೆ. ತಿದ್ದು."

ತಿದ್ದುವುದು ಅಳಿಸುವುದಷ್ಟೇ ಆಗಿತ್ತು. ಎತ್ತಿದ ಮನೆ ಬಂದರೆ ದಾಟು ಎಂಬ ಸಾಲೊಂದಿತ್ತು; ಮೂರೂ ಸಲವೂ ಅದು ಅಲ್ಲೇ ಕೂತಿತ್ತು, ಮೂರೂ ಸಲವೂ ಅವಳು ಅದನ್ನು ನೋಡಿಯೂ ನೋಡಿರಲಿಲ್ಲ. ಆದರೆ ಅದರ ಸುತ್ತ ವೇಗಕ್ಕೆಂದು ಹೆಣೆದ ಚಮತ್ಕಾರಗಳೆಲ್ಲ ಈಗ ಕಾಲಿಗೆ ತೊಡರಿಕೊಂಡವು. ಒಂದನ್ನು ಕಿತ್ತರೆ ಇನ್ನೊಂದು ಮುರಿಯುತ್ತಿತ್ತು. ಅವಳ ಬೆರಳು ತಪ್ಪು ಅಕ್ಷರ ಒತ್ತಿತು, ಅಳಿಸಿತು, ಮತ್ತೆ ತಪ್ಪು ಒತ್ತಿತು.

"ಎಲ್ಲಾ ಎತ್ತಿ ಬಿಸಾಕು," ಎಂದ ಸೆನ್ಯೋ. "ಹೊಸದಾಗಿ ಬರಿ. ಬೆಳಿಗ್ಗೆ ಬರ್ದಿದ್ದ ಹತ್ತು ನಿಮಿಷದ್ದೇ ಸಾಕು. ನಾನು ಓದ್ತೀನಿ, ನೀನು ಬರಿ."

ಅವನು ಪ್ರಶ್ನೆಯ ಒಂದೊಂದು ವಾಕ್ಯ ಹೇಳಿದ. ಅವಳು ಒಂದೊಂದು ವಾಕ್ಯಕ್ಕೆ ಒಂದೊಂದು ಸಾಲು ಬರೆದಳು. ತನಗೆ ಗೊತ್ತಿದ್ದದ್ದು ಒಂದನ್ನೂ ಸೇರಿಸಲಿಲ್ಲ. ಎರಡೂ ಐವತ್ತೆರಡಕ್ಕೆ ಇಪ್ಪತ್ತು ಕಾಳಿನ ಮಣೆ ಕೊಟ್ಟು ಓಡಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂದು ನಿಂತಿತು.

ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಅವಳು ಹಿಂಜರಿದಳು. ನಾಯಕಿ ಒತ್ತುವುದು ಅವರ ತಂಡದ ರೂಢಿ. "ನೀನೇ ಒತ್ತು," ಎಂದು ಸೆನ್ಯೋನ ಕಡೆ ಸರಿಸಿದಳು.

ಅವನು ಒತ್ತಿದ. ಯಂತ್ರ ಮೊದಲ ಮಣೆ ನೋಡಿತು, ಎರಡನೆಯದು, ಹತ್ತನೆಯದು, ಮೂವತ್ತನೆಯದು. ಬೆಳಿಗ್ಗೆಯಿಂದ ಒಮ್ಮೆಯೂ ಏಳನೆಯದನ್ನು ದಾಟಿರಲಿಲ್ಲ. ಎರಡೂ ಐವತ್ತಮೂರಕ್ಕೆ ಹಸಿರು ಬಂತು. ವುಂಪಿನಿ ಕೂಗದಿರಲೆಂದು ಬಾಯಿಗೆ ಹಿಡಿ ಕಡಲೆಕಾಯಿ ತುರುಕಿಕೊಂಡ. ಸೆರ್ವಾ ಮೇಜಿನ ಮೇಲೆ ತಲೆಯಿಟ್ಟು ಅತ್ತೇಬಿಟ್ಟಳು, ಖುಷಿಗೋ ನಾಚಿಕೆಗೋ ಅವಳಿಗೇ ತಿಳಿಯದು.

ಏಳು. ಅಕ್ರಾ ಆರರಲ್ಲೇ ನಿಂತಿದ್ದರೆ ಲುವಾಂಡಾ ಇವರದು.

ನಾಲ್ಕು ಗಂಟೆಗೆ ಫಲಿತಾಂಶ. ಕೊನೆಯ ಸ್ಥಾನದವರಿಂದ ಶುರುಮಾಡಿ, ನಿಂತುಹೋದ ಅಂಕಪಟ್ಟಿಯನ್ನು ಪರದೆಯ ಮೇಲೆ ಒಂದೊಂದೇ ತೆರೆಯುತ್ತ ಬಂದರು. ತರಬೇತಿ ಕೊಟ್ಟ ಅನ್ಸೆರೆ ಸರ್ ಇವರ ಹಿಂದೆಯೇ ನಿಂತು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಒವಾರೆಯ ಅಂಕಣ ನೋಡಿ ಹಾಲ್ ಮೊದಲು ಗುಸುಗುಸು ಎಂದಿತು, ಆಮೇಲೆ ಗೊಳ್ಳೆಂದು ನಕ್ಕಿತು. ಮೇಲಿಂದ ಕೆಳಗೆ ಬರೀ ಕೆಂಪು. ಒಂದು ತಂಡ ಹನ್ನೊಂದು ಸಲ ಕಳಿಸಿತ್ತು. ನಾ ಡೆಡೇಯಿಯ ತಂಡ ನಾಲ್ಕು ಸಲ ಕಳಿಸಿ ಕೈಬಿಟ್ಟಿತ್ತು. ಬಿಡಿಸದ ಒಗಟಿಗೆ ದಂಡವಿಲ್ಲವಾದ್ದರಿಂದ ಆ ನಾಲ್ಕು ಕೆಂಪು ಅವರಿಗೆ ಏನೂ ಮಾಡಲಿಲ್ಲ.

ಸುನ್ಯಾನಿಯ ಸಾಲು ತೆರೆಯಿತು. ಸುರಂಗ ಹಸಿರು. ಒವಾರೆ ಹಸಿರು. ಇಡೀ ಹಾಲ್‌ನ ಒಂದೇ ಹಸಿರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಏಳು ಒಗಟು, ಒಂದು ಸಾವಿರದ ಹತ್ತೊಂಬತ್ತು ನಿಮಿಷ. ಹೆಸರು ಮೇಲೇರಿ ಮೊದಲ ಸ್ಥಾನದಲ್ಲಿ ಕೂತಿತು. ಸೆನ್ಯೋ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಅಕ್ರಾದ ಸಾಲು ತೆರೆಯಿತು. ಎರಡೂ ನಲವತ್ತಕ್ಕೆ ಅವರೂ ಸುರಂಗ ಬಿಡಿಸಿದ್ದರು. ಏಳು ಒಗಟು. ಒಂದು ಸಾವಿರದ ಆರು ನಿಮಿಷ.

ಹದಿಮೂರು ನಿಮಿಷ. ಲೆಕ್ಕ ಹಾಕಲು ಸೆರ್ವಾಳಿಗೆ ಕಾಗದ ಬೇಕಾಗಲಿಲ್ಲ. ಒಂದು ಕೆಂಪಿಗೆ ಇಪ್ಪತ್ತು ನಿಮಿಷ, ಅವಳವು ಮೂರು. ಮೂರರಲ್ಲಿ ಯಾವುದೇ ಒಂದನ್ನು ಕಳಿಸದೆ ಇದ್ದಿದ್ದರೂ ಸಾಕಿತ್ತು. ಬೆಳಿಗ್ಗೆ ಅವನ ಮಾತು ಮುಗಿಯುವ ತನಕ ಎಂಟು ಸೆಕೆಂಡು ಬಾಯಿ ಮುಚ್ಚಿಕೊಂಡಿದ್ದರೆ ಮೂರೂ ಇರುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿದಳು. ಸೆನ್ಯೋನೂ ಲೆಕ್ಕ ಹಾಕಿ ಮುಗಿಸಿದ್ದ, ಅವನು ಅವಳಿಗಿಂತ ಚುರುಕು. ಪಾಸ್‌ಪೋರ್ಟನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ. ಆಮೇಲೆ ಎದ್ದು, ನಾಲ್ಕು ಮೇಜು ದಾಟಿ ಹೋಗಿ ನಾ ಡೆಡೇಯಿಯ ಕೈ ಕುಲುಕಿದ.

ಹೊರಗೆ ಮಾವಿನ ಮರದ ಕೆಳಗೆ ಬಸ್ಸು ನಿಂತಿತ್ತು. ಅನ್ಸೆರೆ ಸರ್ ಎಲೆಯಲ್ಲಿ ಕಟ್ಟಿದ ವಾಚೆ, ಅಂದರೆ ಅಲಸಂದೆ ಬೆರೆಸಿ ಬೇಯಿಸಿದ ಅನ್ನ, ತರಿಸಿದ್ದರು. ವುಂಪಿನಿ ತನ್ನದನ್ನು ತೆಗೆದುಕೊಂಡು ಬಸ್ಸು ಹತ್ತಿದ. ಸೆರ್ವಾಳ ಪೊಟ್ಟಣ ಬಿಚ್ಚದೆ ಹಾಗೇ ಇತ್ತು.

"ನನ್ನಿಂದ ಆಗಿದ್ದು," ಎಂದಳು. "ನಿನ್ನ ಮೂರು ವರ್ಷ ನಾನು ಹಾಳ್ಮಾಡಿದೆ. ನನ್ನನ್ನ ಬೈಯಿ ಸೆನ್ಯೋ. ನಗಬೇಡ, ಬೈಯಿ."

ಅವನು ಅವತ್ತು ನಗಲಿಲ್ಲ. ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಅವಳನ್ನೇ ನೋಡಿದ. "ಬೆಳಿಗ್ಗೆ ಕೇಳಿದ್ದಕ್ಕೆ ಎರಡೂ ಮುಕ್ಕಾಲಿಗೆ ಉತ್ತರ ಕೊಟ್ಟೆ. ಸಮಯ ಮೀರಿದ್ದು ಪ್ರೋಗ್ರಾಂಗಲ್ಲ, ನಿಂಗೆ." ಕಲಸಿದ ಅನ್ನವನ್ನು ಎಲೆಯ ಮೇಲೇ ಬಿಟ್ಟು, "ನಂಗೂ ಬುದ್ಧಿ ಇಲ್ಲ. ಎರಡನೇ ಸಲ ಕೇಳ್ಬೇಕಿತ್ತು. ಮೇಜು ಗುದ್ದಿ ಕೇಳ್ಬೇಕಿತ್ತು," ಎಂದ. ಮುಖ ತಿರುಗಿಸಿ ಧೂಳಿಗೆ ಕಣ್ಣು ಉರಿಯಿತೆಂಬ ಹಾಗೆ ಒರೆ‌ಸಿಕೊಂಡ.

ಆಮೇಲೆ ಅವನೇ ಬೆರಳಿನಿಂದ ಧೂಳಿನಲ್ಲಿ ಗುಳಿ ತೋಡತೊಡಗಿದ. ಆರು ಗುಳಿ ಈ ಕಡೆ, ಆರು ಆ ಕಡೆ. ವುಂಪಿನಿ ಬಸ್ಸು ಹತ್ತುವ ಮೊದಲು ಕೊಟ್ಟುಹೋದ ಕಡಲೆಕಾಯಿ ಅವನ ಜೇಬಿನಲ್ಲಿತ್ತು. "ಕಲಿಸು," ಎಂದ. "ಇಡೀ ದೇಶಕ್ಕೆ ಗೊತ್ತಿರೋದು ನಂಗೊಬ್ನಿಗೆ ಗೊತ್ತಿಲ್ಲ."

ಅವಳು ಕಾಳು ಹಂಚಿದಳು. ಎತ್ತುವುದು, ಹಾಕುವುದು, ಎದುರಿನವನ ಮನೆಯಲ್ಲಿ ಎರಡೋ ಮೂರೋ ಆದರೆ ಗೆದ್ದುಕೊಳ್ಳುವುದು, ಎಲ್ಲ ಹೇಳಿದಳು. ಅವನು ನಿಧಾನವಾಗಿ, ತಪ್ಪುತ್ತ ತಪ್ಪುತ್ತ ಆಡಿದ. ಆಡುತ್ತ ಆಡುತ್ತ ಅವನ ಒಂದು ಮನೆಯಲ್ಲಿ ಹನ್ನೆರಡು ಕಾಳು ತುಂಬಿದವು. ಎತ್ತಿ ಸುತ್ತೆಲ್ಲ ಹಾಕುತ್ತ ಬಂದ. ಹನ್ನೆರಡನೆಯ ಕಾಳು ಕೈಯಲ್ಲಿತ್ತು, ಕೆಳಗೆ ತಾನು ಎತ್ತಿದ ಖಾಲಿ ಗುಳಿ. ಕೈ ಅದರ ಮೇಲೆ ನಿಂತಿತು.

"ಇದನ್ನ ದಾಟ್ಬೇಕು, ಅದು ಗೊತ್ತಾಯ್ತು," ಎಂದ. "ಯಾಕೆ ದಾಟ್ಬೇಕು?"

ಉತ್ತರ ಕೊಡಲು ಸೆರ್ವಾಳ ಬಾಯಿ ಎಂದಿನಂತೆ ತೆರೆಯಿತು. ಒಳಗೆ ಹುಡುಕಿದರೆ ಉತ್ತರವೇ ಇರಲಿಲ್ಲ. ಬೆರಳ ಗಂಟಿನ ಮೇಲಿನ ಪೆಟ್ಟು ಬಿಟ್ಟರೆ ಅಲ್ಲಿ ಬೇರೇನೂ ಸಿಗಲಿಲ್ಲ. ನಾನಾರನ್ನು ಅವಳು ಯಾವತ್ತೂ ಕೇಳಿರಲಿಲ್ಲ. ನಾನಾ ಅವರ ಅಜ್ಜನನ್ನು ಕೇಳಿದ್ದರೋ ಇಲ್ಲವೋ.

"ಗೊತ್ತಿಲ್ಲ ಕಣೋ," ಎಂದಳು. "ಕೇಳೇ ಇಲ್ಲ."

ಅವನು ತಲೆಯಾಡಿಸಿ ಯೋಚಿಸತೊಡಗಿದ, ಕಾಳು ಇನ್ನೂ ಕೈಯಲ್ಲೇ ಇತ್ತು. ಚಾಲಕ ಎರಡು ಸಲ ಹಾರ್ನ್ ಹೊಡೆದ. ಸೆರ್ವಾ ಏಳಲಿಲ್ಲ. ಅವನು ಏನು ಹೇಳುತ್ತಾನೋ ಎಂದು ಕಾದು ಕೂತಳು.